ತುಟಿ ಹೊಲಿದ ಕ್ಯಾಮೆರಾ

“ಅವ್ವಾ, ಇದ್ರಲ್ಲಿ ಸತ್ತೋಗಿರೋರ ಫೋಟೊ ಬತ್ತದಾ?”

ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಹೀಗೆ ಕೇಳಿದಾಗ ನನ್ನ ಕೈಯಲ್ಲಿದ್ದ ಹೊಸ ಫೋನು ಇನ್ನೇನು ಕಿಟಕಿಯಾಚೆ ಬೀಳುವುದರಲ್ಲಿತ್ತು.

ಕಳೆದ ಭಾನುವಾರ ಬೆಳಗಿನ ಮಾತು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ತಗಡೂರಿನ ಮೇಲೆ ಹೋಗುವ ಬಸ್ಸು. ನಾನು ಹೊರಟಿದ್ದದ್ದು ಕ್ಯಾಮೆರಾ ಪರೀಕ್ಷೆಗೆ. ಹೌದು, ಕೊನೆಗೂ ಎರಡು ಲೆನ್ಸಿನ ಫೋನು ಕೊಂಡೆ. (ಹಳೆಯದು ನನ್ನ ಮುಖಕ್ಕಿಂತ ಹೆಚ್ಚು ಬಿರುಕು ಬಿಟ್ಟಿತ್ತು.) ಒಂದು ಲೆನ್ಸು ಅಗಲವಾಗಿ ನೋಡುತ್ತದೆ, ಇನ್ನೊಂದು ದೂರದ್ದನ್ನು ಹತ್ತಿರ ಎಳೆದು ತರುತ್ತದೆ. ಎರಡೂ ಸೇರಿ ಯಾವುದು ಮುಂದಿದೆ, ಯಾವುದು ಹಿಂದಿದೆ ಅಂತ ಲೆಕ್ಕ ಹಾಕಿ ಹಿಂದಿನದನ್ನು ಮಸುಕು ಮಾಡುತ್ತವೆ. ಅಂಗಡಿಯ ಹುಡುಗಿ ಇಷ್ಟನ್ನು ಹೇಳಿ ನನ್ನನ್ನು ಗೆದ್ದುಬಿಟ್ಟಳು.

ಗೆದ್ದದ್ದೇನೋ ಸರಿ, ಕ್ಯಾಮೆರಾ ನಿಜಕ್ಕೂ ಚೆನ್ನಾಗಿದೆಯಾ? ಅದನ್ನು ಪರೀಕ್ಷಿಸಿ ಈ ವಾರದ ಅಂಕಣದಲ್ಲಿ ನಿಮಗೆ ವರದಿ ಒಪ್ಪಿಸಬೇಕು ಅಂತ ನಿರ್ಧರಿಸಿದ್ದೆ. ಯೂಟ್ಯೂಬಿನಲ್ಲಿ ರಿವ್ಯೂ ಮಾಡುವವರ ಹಾಗೆ ನನ್ನದೂ ಒಂದೇ ಅಳತೆಗೋಲು. ಶಾರ್ಪ್ ಇದೆಯಾ? ರೆಪ್ಪೆಗೂದಲು ಎಣಿಸಬಹುದಾ?

ಬೆಳಿಗ್ಗೆ ಆರೂವರೆಗೆ ಕಪಿಲೆಯ ಸೇತುವೆ ಮೇಲೆ ನಿಂತಿದ್ದೆ. ಹೊಳೆಯ ಮೇಲೆ ಮಂಜು ಮಲಗಿತ್ತು. ದೇವಸ್ಥಾನದ ಗೋಪುರ ಯಾರೋ ಬರೆದು ಅರ್ಧ ಅಳಿಸಿದ ಹಾಗೆ ಕಾಣುತ್ತಿತ್ತು. ಸ್ನಾನಘಟ್ಟದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು, ಆಳು ಕಾಣದು, ಸದ್ದು ಮಾತ್ರ. ನಾನು ಕ್ಲಿಕ್ಕಿಸಿದೆ. ನೋಡಿದರೆ ಫೋಟೊದಲ್ಲಿ ಮಂಜೇ ಇಲ್ಲ! ಫೋನು ಅದನ್ನು ಕೊಳೆ ಅಂತ ತಿಳಿದು ಒರೆಸಿಹಾಕಿತ್ತು. ಗೋಪುರ ಮಾತ್ರ ಫಳಫಳ. ಭಲೇ ಅಂದುಕೊಂಡೆ.

ಬಸ್ಸು ಹತ್ತಿದ ಮೇಲೂ ಅದೇ ಕೆಲಸ. ಕಿಟಕಿಯಾಚೆ ಬಿಸಿಲು ನಿಧಾನವಾಗಿ ಗದ್ದೆಗಿಳಿಯುತ್ತಿತ್ತು. ತೂಕಡಿಕೆಯ ಹೊತ್ತು ಅದು. ಮರ, ಮನೆ, ನೀರು ಎಲ್ಲ ಒಂದರೊಳಗೊಂದು ಕರಗುತ್ತಾ ಹಿಂದೆ ಹೋಗುತ್ತವೆ. ಆಗ ಬಂತು ಈ ಪ್ರಶ್ನೆ.

ಕೇಳಿದವರು ತಗಡೂರಿನಲ್ಲಿ ಬಸ್ಸು ಹತ್ತಿದ ಚಿಕ್ಕತಾಯಮ್ಮ. ಅರವತ್ತರ ಅಂಚಿನವರು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದವರಂತೆ. ಮುಂದಿನ ಸೀಟಿನಲ್ಲಿ ಅವರ ಸೊಸೆ ಶಿಲ್ಪ, ಕಾಲ ಬಳಿ ಉಬ್ಬಿದ ಬ್ಯಾಗು, ತೊಡೆಯ ಮೇಲೆ ಮೂರು ವರ್ಷದ ಮಗಳು ಮಾನ್ಯ. ಮಗು ತಾಯಿಯ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಅದರ ಮೇಲ್ದುಟಿಯಿಂದ ಮೂಗಿನವರೆಗೆ ತೆಳ್ಳಗೆ ಒಂದು ಹೊಲಿಗೆಯ ಗೆರೆ. ಮಗು ನಕ್ಕರೆ ಆ ಗೆರೆಯೂ ನಗುತ್ತಿತ್ತು.

“ಸತ್ತುಹೋಗಿರೋರು ಅಂದ್ರೆ ಯಾರಮ್ಮ?” ಅಂತ ಕೇಳಿದೆ.

“ನಮ್ಮವ್ವ, ನಿಂಗಮ್ಮ ಅಂತ. ನಂಗೆ ಎರಡು ವರ್ಸ ಆಗಿದ್ದಾಗ್ಲೇ ಓಗ್ಬುಟ್ಲು. ಮೊಕವೇ ಗ್ಯಾಪಕ ಇಲ್ಲ. ನಮ್ಮೂರಲ್ಲಿ ಆಗ ಎಂಗಸ್ರು ನೂಲೋಕೆ ಓಯ್ತಿದ್ರಲ್ಲ, ಅವರ್ದೆಲ್ಲ ಸೇರ್ಸಿ ಒಂದು ಫೋಟೊ ತಗ್ದವ್ರೆ. ಅದ್ರಲ್ಲಿ ನಮ್ಮವ್ವ ಅವ್ಳೆ. ಮೊಕ ಇಷ್ಟೇ ಇಷ್ಟು, ಅವರೆಕಾಳು ಇದ್ದಂಗೆ. ನಿಮ್ ಫೋನಲ್ಲಿ ದೊಡ್ಡುದು ಮಾಡಕ್ಕಾಯ್ತದಾ?”

ಆ ಫೋಟೊ ಇರುವುದು ನರಸೀಪುರದಲ್ಲಿ, ದೇವೀರಮ್ಮ ಅನ್ನುವ ಮುದುಕಿಯ ಬಳಿ. ಆಗ ನೂಲುತ್ತಿದ್ದವರಲ್ಲಿ ಉಳಿದಿರುವುದು ಆಕೆ ಒಬ್ಬರೇ. ವಯಸ್ಸಾದ ಮೇಲೆ ಮಗಳ ಮನೆಗೆ ಬರುವಾಗ ಫೋಟೊವನ್ನೂ ತಂದುಬಿಟ್ಟರಂತೆ.

ಬರುತ್ತೇನೆ ಅಂದೆ. ಮಬ್ಬು ಗೋಡೆ, ಗಾಜಿನ ಚೌಕಟ್ಟು, ಅವರೆಕಾಳಿನಷ್ಟು ಮುಖ. ಕ್ಯಾಮೆರಾಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಎಲ್ಲಿ ಸಿಗಬೇಕು?

ಮಾತಿಗೆ ಮಾತು ಬರಲಿ ಅಂತ, “ಕೂಸಿಗೆ ಆಪರೇಷನ್ ಆಗಿದೆಯಲ್ವಾ?” ಅಂದೆ. ಅನ್ನಬಾರದಿತ್ತು.

“ಊಂ, ಮೈಸೂರ್ನಲ್ಲಿ ಒಲಿಸ್ದೊ,” ಎಂದರು ಚಿಕ್ಕತಾಯಮ್ಮ. ಆಮೇಲಿನ ಮಾತು ಮುಂದಿನ ಸೀಟಿಗೆ ಕೇಳಲಿ ಅಂತಲೇ ಆಡಿದ್ದು. “ಗ್ರಾಣದ ದಿನ ಬ್ಯಾಡ ಬ್ಯಾಡ ಅಂದ್ರೂ ಈಳಿಗೆಮಣೆ ಮುಂದೆ ಕುಂತ್ಕಂಡು ಸೊಪ್ಪು ಕುಯ್ದ್ಲು. ಒಟ್ಟೇಲಿದ್ದ ಕೂಸಿನ ತುಟಿ ಸೀಳ್ತು. ಡಾಕ್ಟ್ರು ಕೇಳಿದ್ರು, ನಿಮ್ ಕಡೆ ಯಾರಿಗಾದ್ರೂ ಇತ್ತಾ ಅಂತ. ನಮ್ ವಂಸದಲ್ಲೇ ಇಲ್ಲ ಅಂದೆ.”

ಶಿಲ್ಪ ತಿರುಗಲಿಲ್ಲ. ಮಗಳ ಕೂದಲಲ್ಲಿ ಆಡುತ್ತಿದ್ದ ಬೆರಳು ಮಾತ್ರ ನಿಂತುಹೋಯಿತು.

ಗ್ರಹಣಕ್ಕೂ ತುಟಿಗೂ ಸಂಬಂಧವಿಲ್ಲಮ್ಮ ಅಂತ ನಾನು ಹೇಳಿದೆ. “ಓದಿರೋರು ಅಂಗೇ ಅಂತೀರಿ ಬುಡಿ,” ಅಂತ ಅವರು ಸೆರಗು ಕೊಡವಿದರು. ಅಲ್ಲಿಗೆ ನನ್ನ ವೈಚಾರಿಕತೆ ಮುಗಿಯಿತು. (ಲೇಖನದಲ್ಲಿ ಎರಡು ಪುಟ ಬರೆಯಬಲ್ಲೆ. ಬಸ್ಸಿನಲ್ಲಿ ಎರಡನೇ ವಾಕ್ಯ ಹುಟ್ಟುವುದಿಲ್ಲ.)

ನರಸೀಪುರದಲ್ಲಿ ಇಳಿದಾಗ ಬ್ಯಾಗು ಎತ್ತಲು ಕೈಕೊಟ್ಟೆ. ಭಾರವಿತ್ತು. ಶಿಲ್ಪ ಮುಡುಕುತೊರೆಗೆ, ತವರಿಗೆ ಹೊರಟಿದ್ದಳು. ಅತ್ತೆ ಬಂದಿದ್ದು ಬಸ್ಸು ಹತ್ತಿಸಿ ಹೋಗುವುದಕ್ಕೆ.

“ಎಷ್ಟು ದಿನಕ್ಕೆ?” ಎಂದೆ.

“ಗೊತ್ತಿಲ್ಲ ಮೇಡಂ,” ಎಂದಳು. ಅದು ಎಂಟು ದಿನಕ್ಕೆ ಹೋಗುವವಳ ದನಿಯಾಗಿರಲಿಲ್ಲ.

ಮುಡುಕುತೊರೆ ಬಸ್ಸು ತಡವಿದ್ದುದರಿಂದ ಅವಳೂ ಮಗುವೂ ನಮ್ಮ ಜೊತೆಗೇ ಬಂದರು. ದೇವೀರಮ್ಮನ ಮಗಳ ಮನೆ ಹೊಳೆಯ ಕಡೆಯ ಬೀದಿಯಲ್ಲಿ. ಎಂಬತ್ತು ದಾಟಿದ ಅಜ್ಜಿ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಒಳಗೆ ನಡುಮನೆಯ ಗೋಡೆಯಲ್ಲಿ, ಅಡುಗೆಮನೆಯ ಬಾಗಿಲಿನ ಮೇಲೆ ಆ ಫೋಟೊ. ಚರಕದ ಮುಂದೆ ಕೂತ ಹೆಂಗಸರ ಒಂದು ಸಾಲು, ಹಿಂದೆ ನಿಂತವರ ಇನ್ನೊಂದು ಸಾಲು. ಎಲ್ಲರೂ ಕಂದು ನೀರಿನ ತಳದಲ್ಲಿ ಇರುವವರ ಹಾಗೆ ಕಾಣುತ್ತಿದ್ದರು. ಹಿಂದಿನ ಸಾಲಿನ ಎಡತುದಿಯಲ್ಲಿ ನಿಂಗಮ್ಮ.

ಮೊದಲು ಅಗಲದ ಲೆನ್ಸು. ನಿಂಗಮ್ಮ ತುದಿಯಲ್ಲಿದ್ದುದರಿಂದ ಅವಳ ಮುಖ ನಾದಿದ ಹಿಟ್ಟಿನಂತೆ ಪಕ್ಕಕ್ಕೆ ಎಳೆದುಕೊಂಡು ಬಂತು. ಇಂಥ ಕೆಲಸಕ್ಕೆ ಅದು ಫೇಲು. ಎರಡನೆಯದಕ್ಕೆ ಬದಲಾಯಿಸಿದೆ. ಈಗ ಗಾಜಿನ ತುಂಬ ನಾನೇ! ನನ್ನ ಹಿಂದಿನ ಬಾಗಿಲು, ಬೀದಿ, ಆಚೆಯ ಆಕಾಶ.

ಶಿಲ್ಪ ಮಂಚದ ಮೇಲಿದ್ದ ಕಪ್ಪು ಕಂಬಳಿ ತಂದು ನನ್ನ ಬೆನ್ನ ಹಿಂದೆ ಅಗಲಿಸಿ ಹಿಡಿದಳು. ಗಾಜಿನೊಳಗಿನ ಬೀದಿ ಆರಿಹೋಯಿತು. ಸ್ಟೂಲು ಹತ್ತಿ, ಉಸಿರು ಹಿಡಿದು ಕ್ಲಿಕ್ಕಿಸಿದೆ.

ಪರದೆಯ ಮೇಲೆ ಒಂದು ಚಿಕ್ಕ ಚಕ್ರ ತಿರುಗಿತು. ನೋಡನೋಡುತ್ತಿದ್ದಂತೆ ಕಂದು ಮಸುಕಿನೊಳಗಿಂದ ಒಂದು ಮುಖ ತೇಲಿಬಂತು. ಕಣ್ಣು, ಹುಬ್ಬು, ಮೂಗುಬೊಟ್ಟು. ನಂಬುತ್ತೀರಾ, ರೆಪ್ಪೆಗೂದಲು ಕೂಡ! ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಚೆಲುವೆ. ಹತ್ತಕ್ಕೆ ಹತ್ತು ಕೊಟ್ಟುಬಿಟ್ಟೆ.

ಚಿಕ್ಕತಾಯಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದರು. “ಇಷ್ಟ್ ಚೆಂದಾಗಿದ್ಲಾ ನಮ್ಮವ್ವ?” ಕೆನ್ನೆ ಸವರಲು ಹೋದರೆ ಪರದೆ ಜಾರಿ ಬೆಳಗಿನ ಗೋಪುರ ಬಂತು. ಗಾಬರಿಯಾದರು. ಮತ್ತೆ ಮುಖವನ್ನು ತಂದುಕೊಟ್ಟೆ. ಅತ್ತರು. ಅಳುತ್ತಲೇ ಜಗಲಿಗೆ ಹೋಗಿ ದೇವೀರಮ್ಮನಿಗೆ ತೋರಿಸಿದರು.

ಅಜ್ಜಿ ಫೋನನ್ನು ಹತ್ತಿರ ಹಿಡಿದು ನೋಡಿದರು. ದೂರ ಹಿಡಿದು ನೋಡಿದರು.

“ಯಾರವ್ವ ಇವ್ಳು?”

“ನಿಂಗಮ್ಮ ಅಲ್ವಾ ಅಜ್ಜಿ?” ಎಂದೆ.

“ಕಣ್ಣೇನೋ ನಿಂಗೀದೇ. ಬಾಯಿ ನಿಂಗೀದಲ್ಲ ಕಣವ್ವ. ನಿಂಗೀಗೆ ಮೇಲ್ದುಟಿ ಸೀಳಿತ್ತಲ್ಲ.”

ಹೊಳೆಯ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಅಜ್ಜಿ ತಮ್ಮ ಪಾಡಿಗೆ ಹೇಳುತ್ತಾ ಹೋದರು, ಎಲ್ಲೋ ದೂರದ ಅಂಗಳವನ್ನು ನೋಡುತ್ತಿರುವವರ ಹಾಗೆ.

“ಉಟ್ಟಿದಾಗ್ಲಿಂದ್ಲೂ ಅಂಗೇ ಇತ್ತಂತೆ. ಯಾವಾಗ್ಲೂ ಬಾಯಿಗೆ ಸೆರಗು ಅಡ್ಡ ಇಟ್ಕತಿದ್ಲು. ನಕ್ರೂ ಸೆರಗಲ್ಲೇ ನಗಾಳು. ನೂಲಲ್ಲಿ ಮಾತ್ರ ಅವ್ಳನ್ನ ಮೀರ್ಸೋರು ಇರ್ಲಿಲ್ಲ. ಫೋಟೊದವ್ನು ಬಂದ ದಿನ ‘ಸೆರಗು ಬುಡವ್ವ, ಮೊಕ ಬರಕಿಲ್ಲ’ ಅಂದ. ಬುಡ್ಲೋ ಬ್ಯಾಡ್ವೋ ಅಂತ ನನ್ ಕಡೆ ನೋಡಿದ್ಲು. ಬುಡು ಅಂದೆ. ಅವತ್ತೊಂದಿನ ಬುಟ್ಲು.”

“ನಂಗ್ಯಾಕೆ ಯೋಳ್ಲಿಲ್ಲ ದೇವೀರವ್ವ?” ಚಿಕ್ಕತಾಯಮ್ಮನ ದನಿ ಬಾವಿಯೊಳಗಿಂದ ಬಂದಂತಿತ್ತು.

“ನೀನು ಕೇಳ್ಲೇ ಇಲ್ವಲ್ಲವ್ವ. ಅವ್ವನ ಬಗ್ಗೆ ಅಂಥದ್ದ ಮಗಳಿಗೆ ಯಾರು ಯೋಳಾರು?”

ಅಜ್ಜಿ ಊರು ಬಿಟ್ಟು ಬಂದ ಮೇಲೆ ಹುಟ್ಟಿದ ಮಗು ಮಾನ್ಯ. ಅದರ ತುಟಿಯ ಕತೆಯೇ ಆಕೆಗೆ ತಿಳಿದಿರಲಿಲ್ಲ.

ನಾನು ಫೋನಿನ ಸೆಟ್ಟಿಂಗ್ಸಿಗೆ ಹೋದೆ. ಇತ್ತು. ‘ಎಐ ಎನ್‌ಹಾನ್ಸ್’ ಅಂತ ಒಂದು, ‘ಬ್ಯೂಟಿ’ ಅಂತ ಇನ್ನೊಂದು. ಎರಡೂ ಆನ್. ನನ್ನನ್ನು ಒಂದು ಮಾತೂ ಕೇಳದೆ ಅವು ನಿಂಗಮ್ಮನ ತುಟಿಗೆ ಹೊಲಿಗೆ ಹಾಕಿದ್ದವು. ರೆಪ್ಪೆಗೂದಲು? ಅದೂ ಅವಳದಲ್ಲ. ಎಲ್ಲಿಂದಲೋ ತಂದು ಅಂಟಿಸಿದ್ದು.

ಎರಡನ್ನೂ ಆಫ್ ಮಾಡಿದೆ. “ಫೋಟೊ ಇಳ್ಸಿ,” ಅಂದರು ಅಜ್ಜಿ. ಶಿಲ್ಪ ಸ್ಟೂಲು ಹತ್ತಿ ಇಳಿಸಿದಳು, ಸೆರಗಿನಲ್ಲಿ ಗಾಜು ಒರೆಸಿ ಜಗಲಿಯ ನೆರಳಿಗೆ ತಂದಿಟ್ಟಳು. ಹೊರಗಿನ ಮೆದು ಬೆಳಕಿನಲ್ಲಿ ಮತ್ತೆ ತೆಗೆದೆ.

ಈ ಸಲ ಬಂದದ್ದು ಒರಟು ಒರಟಾದ, ಮಸುಕಾದ ಮುಖ. ಮಂಜಿನಾಚೆ ನಿಂತಂತೆ ನಿಂತಿದ್ದಳು ನಿಂಗಮ್ಮ. ರಿವ್ಯೂ ಮಾಡುವವರು ನೋಡಿದರೆ ಮೂಗು ಮುರಿದಾರು. ಆದರೆ ಮೇಲ್ದುಟಿಯ ನಡುವೆ, ಮೂಗಿನವರೆಗೆ, ಕಪ್ಪು ಗೆರೆಯೊಂದು ಇತ್ತು. ಮುಚ್ಚಿಕೊಳ್ಳದ ಬಾಯಿ. ಕಣ್ಣಲ್ಲಿ ಒಂದಿಷ್ಟು ಅಂಜಿಕೆ, ಒಂದಿಷ್ಟು ಧೈರ್ಯ.

ಚಿಕ್ಕತಾಯಮ್ಮ ಅದನ್ನು ನೋಡಿದರು. ಅಂಗಳದಲ್ಲಿ ಒಣಗಿದ ಎಲೆ ಆಯುತ್ತಿದ್ದ ಮೊಮ್ಮಗಳನ್ನು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

“ನಮ್ ಕಡೇದೇ ಕಣವ್ವ ಅದು,” ಎಂದರು ಕೊನೆಗೆ. “ಗ್ರಾಣದ್ದಲ್ಲ. ನಿಂದಲ್ಲ.”

ಶಿಲ್ಪ ಕಂಬ ಹಿಡಿದು ನಿಂತಿದ್ದಳು. ಸಿಟ್ಟು ಮಾಡುತ್ತಾಳೆ ಅಂದುಕೊಂಡೆ. ಇಲ್ಲ. ಬಹಳ ಮೆಲ್ಲಗೆ ಹೇಳಿದಳು.

“ಮೂರು ವರ್ಷ, ಅತ್ತೆ. ಸೊಪ್ಪು ಕುಯ್ಯೋಕೆ ಕೂತಾಗೆಲ್ಲ ನನ್ ಕೈ ನಡುಗೋದು. ನಾನೂ ನಂಬಿಬಿಟ್ಟಿದ್ದೆ.”

ಕೈ ನಡುಗಿಸಿಕೊಂಡೇ ಮೂರು ವರ್ಷ ಆ ಮನೆಗೆ ಸಾರು ಬಡಿಸಿದವಳು ಆಕೆ.

ಮುಡುಕುತೊರೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಫೋಟೊ ಪ್ರಿಂಟ್ ಹಾಕಿಸಲು ಹೋದೆವು. ಅಂಗಡಿಯವರು ಒಳ್ಳೆಯ ಮನುಷ್ಯ. ಕಂಪ್ಯೂಟರಿನಲ್ಲಿ ಮುಖ ನೋಡಿ, “ತುಂಬಾ ಡಲ್ ಅದೆ ಮೇಡಂ. ಕ್ಲಿಯರ್ ಮಾಡ್ಕೊಡ್ಲಾ? ತುಟಿ ಅತ್ರ ಏನೋ ಗೀರು ಬಿದ್ದದೆ, ಅದನ್ನೂ ತಗ್ದಾಕ್ತೀನಿ,” ಎಂದರು.

ಚಿಕ್ಕತಾಯಮ್ಮ ಕೌಂಟರಿಗೆ ಅಡ್ಡವಾಗಿ ಕೈಚಾಚಿದರು.

“ಮುಟ್ಬ್ಯಾಡ ಕಣಪ್ಪ. ಇದ್ದಂಗೇ ಕೊಡು.”

“ಎರಡು ಕಾಪಿ ಹಾಕಿ,” ಎಂದಳು ಶಿಲ್ಪ.

ಬಸ್ಸು ಬಂತು. ಶಿಲ್ಪ ಮಗುವನ್ನೆತ್ತಿಕೊಂಡು ಹತ್ತಿದಳು. ಬ್ಯಾಗು ಕೊಡಲು ಹೋದ ಚಿಕ್ಕತಾಯಮ್ಮ ಬ್ಯಾಗಿನ ಜೊತೆ ತಾವೂ ಹತ್ತಿಬಿಟ್ಟರು.

“ನೀವೆಲ್ಲಿಗೆ ಅತ್ತೆ?”

“ನಿಮ್ಮಪ್ಪನ ಮನೆ ಜಗಲಿ ಮೇಲೆ ಕುಂತ್ಕಂಡು, ನಾಕ್ ಜನದ ಮುಂದೆ ‘ನಿಮ್ ಮಗಳದೇ ತಪ್ಪು’ ಅಂದಿವ್ನಿ. ತಪ್ಪಾಯ್ತು ಅನ್ನೋದ್ನೂ ಅಲ್ಲೇ ಅನ್ಬೇಕು. ಸರ್ಕೋ.”

ಶಿಲ್ಪ ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಆಮೇಲೆ ಸರಿದು ಕೂತಳು. ಬಹಳವೇನಲ್ಲ, ಒಬ್ಬರು ಕೂರುವಷ್ಟು. ಬಸ್ಸು ಹೊರಟಿತು. ಅಲ್ಲೇನಾಯಿತೋ ನನಗೆ ಗೊತ್ತಿಲ್ಲ. ಗುರುವಾರ, ಅಂಗಡಿಯಲ್ಲೇ ನನ್ನ ನಂಬರು ಬರೆದುಕೊಂಡಿದ್ದ ಶಿಲ್ಪಳಿಂದ ಒಂದೇ ಸಾಲಿನ ಮೆಸೇಜು ಬಂತು: ‘ನಾಳೆ ಮೂರೂ ಜನ ಊರಿಗೆ ಹೋಗ್ತಾ ಇದ್ದೀವಿ ಮೇಡಂ.’

ಅವರು ಹೋದ ಮೇಲೆ ನಾನು ಸಂಗಮದ ಮೆಟ್ಟಿಲ ಮೇಲೆ ಕೂತೆ. ಕಪಿಲೆಯೂ ಕಾವೇರಿಯೂ ಎಲ್ಲಿ ಕೂಡುತ್ತವೆ ಅಂತ ಗೆರೆ ಎಳೆದು ತೋರಿಸಲು ನನಗೆ ಇವತ್ತಿಗೂ ಬಂದಿಲ್ಲ. ಮಧ್ಯಾಹ್ನದ ಬಿಸಿಲಿಗೆ ನೀರೆಲ್ಲ ಒಂದೇ ಬೆಳ್ಳಗೆ. ಅಲ್ಲಿ ನಾನು ಒಂದೂ ಫೋಟೊ ತೆಗೆಯಲಿಲ್ಲ.

ಇನ್ನು ವರದಿ. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ. ಅಗಲದ ಲೆನ್ಸು ಅಂಚಿನಲ್ಲಿ ನಿಂತವರನ್ನು ಎಳೆದಾಡುತ್ತದೆ, ಗುಂಪಿನ ಫೋಟೊಗೆ ಹುಷಾರು. ಹತ್ತಿರ ತರುವ ಲೆನ್ಸು ಹೊರಗಿನ ಬೆಳಕಿನಲ್ಲಿ ಚೆನ್ನ, ಮನೆಯೊಳಗೆ ಮಂಕು. ಬ್ಯಾಟರಿ ಸಂಜೆಯವರೆಗೆ ಬರುತ್ತದೆ. ಕೊಳ್ಳುವವರು ಧಾರಾಳವಾಗಿ ಕೊಳ್ಳಿ, ಆದರೆ ಮೊದಲ ದಿನವೇ ಸೆಟ್ಟಿಂಗ್ಸಿಗೆ ಹೋಗಿ ಆ ಎರಡು ಗುಂಡಿ ಆಫ್ ಮಾಡಿಬಿಡಿ.

ನಾನು ಆಫ್ ಮಾಡಿದ್ದೇನೆ. ಆದರೂ ನಿಂಗಮ್ಮನ ಫೋಟೊ ತೆರೆದಾಗಲೆಲ್ಲ ಫೋನು ಕೆಳಗಡೆ ಚಿಕ್ಕ ಅಕ್ಷರದಲ್ಲಿ, ‘ಈ ಮುಖವನ್ನು ಸರಿಪಡಿಸಬೇಕೆ?’ ಅಂತ ವಿನಯದಿಂದ ಕೇಳುತ್ತದೆ.

ಆ ಮುಖದಲ್ಲಿ ಸರಿ ಇಲ್ಲದ್ದು ಏನಿತ್ತು, ಹೇಳಿ?