ಸೊನ್ನೆ ಅಂಕದ ಸರಿ ಉತ್ತರ

ಆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೂ ಇದೆ. ಯಾವುದು ಹೆಚ್ಚು ಎಂದು ಕೇಳಿದರೆ ಹೇಳಲಾರೆ.

ಆಗ ನಾನು ಕೊಪ್ಪದ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತಿದ್ದೆ. ಅತಿಥಿ ಉಪನ್ಯಾಸಕಿ ಎಂದು ಹೆಸರು. ಜೂನ್ ಬಂತೆಂದರೆ ಮುಖ್ಯಸ್ಥರು 'ಈ ಸಲವೂ ಇರಲಿ' ಎಂದು ಬರೆದುಕೊಟ್ಟರೆ ಕೆಲಸ, ಇಲ್ಲದಿದ್ದರೆ ಇಲ್ಲ. ಜಯಪುರದಿಂದ ಬಸ್ಸಿನಲ್ಲಿ ಬಂದು ಅವರು ಬರೆದ ನೋಟ್ಸನ್ನೇ ಬರೆಸಿ ಹೋಗುತ್ತಿದ್ದೆ.

ಅವತ್ತಿನ ಪಾಠ ಟ್ರ್ಯಾಪ್ ಮತ್ತು ಇಂಟರಪ್ಟ್. ಪ್ರೊಸೆಸರ್ ಒಂದಾದ ಮೇಲೊಂದು ಆದೇಶ ನಡೆಸುತ್ತಾ ಹೋಗುತ್ತದೆ. ನಡುವೆ ಯಾರಾದರೂ ಕೀಬೋರ್ಡ್ ಒತ್ತಿದರೆ ಅದು ಹೊರಗಿನ ಕರೆ, ಇಂಟರಪ್ಟ್. ಓಡುತ್ತಿರುವ ಪ್ರೋಗ್ರಾಮೇ ಎಡವಿದರೆ ಅದು ಟ್ರ್ಯಾಪ್. ಎರಡರಲ್ಲೂ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು, ಎಲ್ಲಿ ಬಿಟ್ಟೆ ಎಂದು ಗುರುತಿಟ್ಟುಕೊಂಡು, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನೊಳಗೆ ಹೋಗಿ ಬರುತ್ತದೆ. 'ಹಿಂತಿರುಗಿದ ಮೇಲೆ ಯಾವಾಗಲೂ ಮುಂದಿನ ಆದೇಶದಿಂದ ಕೆಲಸ ಮುಂದುವರಿಯುತ್ತದೆ' ಎಂದು ನೋಟ್ಸಿನಲ್ಲಿತ್ತು. ಬರೆಸಿದೆ.

ಎರಡನೇ ಬೆಂಚಿನ ಹುಡುಗಿ ಕೈ ಎತ್ತಿದಳು. ದಿನಾ ನರಸಿಂಹರಾಜಪುರದಿಂದ ಬರುತ್ತಿದ್ದವಳು. ಅವಳ ಅಪ್ಪನದು ಅಲ್ಲಿ ಹೊಲಿಗೆ ಮೆಷಿನ್ ರಿಪೇರಿ ಅಂಗಡಿ.

"ಮೇಡಮ್, ಯಾವಾಗಲೂ ಮುಂದಿಂದಾ? ಪೇಜ್ ಫಾಲ್ಟ್ ಆದ್ರೆ?"

"ಆದ್ರೆ?"

"ಆ ಆದೇಶ ನಡೆದೇ ಇಲ್ಲಲ್ಲ ಮೇಡಮ್. ಬೇಕಾದ ಮೆಮೊರಿ ಇರಲಿಲ್ಲ ಅಂತ ನಿಂತಿದ್ದು. ಕರ್ನಲ್ ಮೆಮೊರಿ ತಂದುಕೊಟ್ಟ ಮೇಲೆ ಅದನ್ನೇ ಇನ್ನೊಂದ್ಸಲ ನಡೆಸ್ಬೇಕಲ್ವಾ? ಮುಂದಕ್ಕೆ ಹೋದ್ರೆ ಅದು ಬಿಟ್ಟೇ ಹೋಯ್ತು."

ನೋಡಿ ಹೇಳುತ್ತೇನೆ ಎಂದೆ. ಮನೆಗೆ ಬಂದವಳೇ ಲ್ಯಾಪ್‌ಟಾಪಿನಲ್ಲಿ ಕಲಿಕೆಗೆಂದು ಇಟ್ಟುಕೊಂಡಿದ್ದ ಪುಟ್ಟ ಕರ್ನಲ್ ಓಡಿಸಿ ಪರೀಕ್ಷಿಸಿದೆ. ಅವಳು ಹೇಳಿದ್ದು ಅಕ್ಷರಶಃ ಸರಿ. ಕೀಬೋರ್ಡಿನ ಇಂಟರಪ್ಟಿಗೆ ನೋಟ್ಸಿನ ಮಾತು ಹೊಂದುತ್ತದೆ, ಪೇಜ್ ಫಾಲ್ಟಿಗೆ ಖಂಡಿತ ಇಲ್ಲ. ಮರುದಿನ ಮುಖ್ಯಸ್ಥರಿಗೆ ಮೆತ್ತಗೆ ಹೇಳಿದೆ.

"ಎಂತ ಮೇಡಮ್ ನೀವು? ಇಷ್ಟು ವರ್ಷದಿಂದ ಇದೇ ನೋಟ್ಸ್ ಓದಿ ಪಾಸಾಗ್ತಿದಾರೆ. ನೀವು ಸಿಲಬಸ್ ಮುಗಿಸಿ ಸಾಕು."

ನಾನು ತರಗತಿಯಲ್ಲಿ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕಿರುಪರೀಕ್ಷೆಯಲ್ಲಿ ಅದೇ ಪ್ರಶ್ನೆ ಐದು ಅಂಕಕ್ಕೆ ಬಂತು. ಪ್ರಶ್ನೆ ತೆಗೆದವರೂ ತಿದ್ದಿದವರೂ ಮುಖ್ಯಸ್ಥರೇ. ಹುಡುಗಿ ತನಗೆ ತಿಳಿದಂತೆ ಬರೆದಿದ್ದಳು. ಅವರು ಸೊನ್ನೆ ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಕಾಪಿ' ಎಂದು ಗೀಚಿ, ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು. ನಾವು ಉಪನ್ಯಾಸಕರೆಲ್ಲ ಅಲ್ಲೇ ಕುಳಿತಿದ್ದೆವು.

"ಯಾವ ಮೊಬೈಲಿಂದ ಹೊಡೆದೆ ಇದನ್ನ?"

"ಹೊಡೆದಿಲ್ಲ ಸರ್. ಯೋಚ್ನೆ ಮಾಡಿ ಬರ್ದೆ."

"ಓಹೋ! ನಿಮ್ಮಪ್ಪ ಮೆಷಿನ್ ರಿಪೇರಿ ಮಾಡೋದು, ನೀನು ನನ್ನ ನೋಟ್ಸ್ ರಿಪೇರಿ ಮಾಡೋದಾ?"

ಇಬ್ಬರು ನಕ್ಕರು. ಅವಳು ನನ್ನ ಕಡೆ ತಿರುಗಿದಳು. "ಮೇಡಮ್‌ಗೆ ಗೊತ್ತು ಸರ್."

"ಹೌದಾ ಮೇಡಮ್?"

ಹಾಜರಿ ಪುಸ್ತಕ ನನ್ನ ಮುಂದೆ ತೆರೆದಿತ್ತು. ಅದರಿಂದ ಕಣ್ಣೆತ್ತದೆ, "ನೋಟ್ಸಲ್ಲಿ ಇದ್ದಿದ್ದನ್ನೇ ಬರೀಬೇಕಿತ್ತು" ಎಂದೆ. ಅವಳು ಉತ್ತರಪತ್ರಿಕೆ ಮಡಚಿಕೊಂಡು ಹೊರಗೆ ಹೋದಳು. ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ ಮೇಲೆಯೇ ನನಗೆ ಕೇಳಿಸಿದ್ದು.

ಮುಂದಿನ ನಾಲ್ಕು ದಿನ ಅವಳು ಕಾಲೇಜಿಗೆ ಬರಲಿಲ್ಲ. ಭಾನುವಾರ ನರಸಿಂಹರಾಜಪುರಕ್ಕೆ ಹೋಗಿ ಅಂಗಡಿ ಹುಡುಕಿದೆ. ಅವಳ ಅಪ್ಪ ಹಳೆಯ ಮೆಷಿನ್ನೊಂದನ್ನು ತಲೆಕೆಳಗು ಮಾಡಿಕೊಂಡು ಎಣ್ಣೆ ಬಿಡುತ್ತಿದ್ದರು. ಯಾರೆಂದು ಹೇಳಿದ ಕೂಡಲೇ ಎದ್ದು ಸ್ಟೂಲ್ ಒರೆಸಿದರು.

"ಕೂತ್ಕೊಳ್ಳಿ ಮೇಡಮ್. ತಪ್ಪಾಯ್ತು, ನಮ್ಮ ಹುಡುಗಿ ಕಾಪಿ ಹೊಡೆದಳಂತೆ. ದೊಡ್ಡ ಸರ್ ಫೋನ್ ಮಾಡಿದ್ರು. ಅವಳ ಮೊಬೈಲ್ ಕಿತ್ತಿಟ್ಟಿದೀನಿ. ಕಾಲೇಜು ಸಾಕು ಅಂತ್ಲೂ ಹೇಳಿದೀನಿ."

"ಅವಳು ಏನಂದ್ಲು?"

"ಹೊಡೆದಿಲ್ಲ ಅಂತಾಳೆ. ಆದ್ರೆ ಪಾಠ ಹೇಳೋರು ಸುಳ್ಳು ಹೇಳ್ತಾರಾ ಮೇಡಮ್?"

ಸಿಟ್ಟು ನೆತ್ತಿಗೇರಿದ್ದು ಆಗ. ನಮ್ಮಂಥವರ ಮಾತಿನ ಮೇಲೆ ನಂಬಿಕೆಯಿಟ್ಟು ಈ ಮನುಷ್ಯ ಹೆತ್ತ ಮಗಳನ್ನೇ ಕಳ್ಳಿ ಎಂದುಕೊಂಡಿದ್ದರು.

"ಅವಳು ಕಾಪಿ ಹೊಡೆದಿಲ್ಲ. ಉತ್ತರ ಸರಿ ಇತ್ತು. ನನಗೆ ಮೊದಲೇ ಗೊತ್ತಿತ್ತು" ಎಂದೆ.

ಅವರು ಎಣ್ಣೆಡಬ್ಬಿ ಕೆಳಗಿಟ್ಟರು. "ಹಂಗಾದ್ರೆ ಅಲ್ಲಿ ಯಾಕೆ ಹೇಳ್ಲಿಲ್ಲ ನೀವು?" ಎಂದರು.

ನಾಳೆ ಅವಳನ್ನು ಕಳಿಸಿ ಎಂದಷ್ಟೇ ಬೇಡಿಕೊಂಡೆ.

ಸೋಮವಾರ ಅವಳು ಬಂದು ಕೊನೆಯ ಬೆಂಚಿನಲ್ಲಿ ಕುಳಿತಳು. ನಾನು ಇಡೀ ತರಗತಿಯನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ನನ್ನ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿದೆ. ಪ್ರೋಗ್ರಾಮ್ ಚಿಕ್ಕದು: ಇನ್ನೂ ಕೈಗೆ ಸಿಗದ ಮೆಮೊರಿಯಲ್ಲಿ ಏಳು ಎಂದು ಬರೆಯಬೇಕು, ಆಮೇಲೆ ಅದನ್ನೇ ಓದಿ ತೋರಿಸಬೇಕು. ಬರೆಯಹೊರಟ ಕೂಡಲೇ ಪೇಜ್ ಫಾಲ್ಟ್. ಮೊದಲು ಕರ್ನಲ್ಲನ್ನು ನೋಟ್ಸಿನ ಪ್ರಕಾರ ತಿದ್ದಿ ಓಡಿಸಿದೆ. ಮುಂದಿನ ಆದೇಶಕ್ಕೆ ಹಾರಿತು, ಬರೆಯುವ ಕೆಲಸ ತಪ್ಪಿಹೋಯಿತು. ಪರದೆಯ ಮೇಲೆ ಸೊನ್ನೆ ಬಂತು. ಆಮೇಲೆ ಹುಡುಗಿ ಬರೆದಿದ್ದಂತೆ, ನಿಂತ ಆದೇಶಕ್ಕೇ ಹಿಂತಿರುಗುವಂತೆ ಮಾಡಿದೆ. ಏಳು ಬಂತು.

"ನೋಟ್ಸ್ ತಪ್ಪು. ಅವಳ ಉತ್ತರ ಸರಿ. ಸ್ಟಾಫ್ ರೂಮಿನಲ್ಲಿ ನಾನು ಹೇಳಿದ್ದು ಹೇಡಿತನದ ಮಾತು" ಎಂದೆ. ಧ್ವನಿ ಏರಿತ್ತು. ಪಕ್ಕದ ಕೋಣೆಯಿಂದ ಮುಖ್ಯಸ್ಥರು ಬಂದು ಬಾಗಿಲಲ್ಲಿ ನಿಂತಿದ್ದರು.

"ಇದೆಲ್ಲ ಸಿಲಬಸ್ಸಲ್ಲಿಲ್ಲ ಮೇಡಮ್."

"ಇನ್ನೊಂದ್ಸಲ ಓಡಿಸ್ತೀನಿ ಸರ್, ನೋಡಿ ಹೋಗಿ."

ಅವರು ನಿಲ್ಲಲಿಲ್ಲ. ಎರಡು ದಿನ ಕಳೆದು ಅಂಕಪಟ್ಟಿಯಲ್ಲಿ ಹುಡುಗಿಯ ಅಂಕ ಬದಲಾಗಿತ್ತು. ಪಕ್ಕದಲ್ಲಿ 'ಕೂಡುವಾಗ ಆದ ತಪ್ಪು' ಎಂದು ಬರೆದು ಸಹಿ ಮಾಡಿದ್ದರು. ಕೂಡುವಾಗ ಆದ ತಪ್ಪಂತೆ! ಆ ಸೊನ್ನೆಗಿಂತ ಈ ಸುಳ್ಳು ನನ್ನನ್ನು ಹೆಚ್ಚು ಉರಿಸಿತು. ಅವಳು ಕಾಪಿ ಹೊಡೆದಿಲ್ಲವೆಂದು ಅವಳ ಅಪ್ಪನಿಗೆ ಫೋನ್ ಮಾಡಿ ಹೇಳುವಿರಾ ಎಂದು ಮುಖ್ಯಸ್ಥರನ್ನು ಕೇಳಿದೆ. ಅವರು ಮಾಡಲಿಲ್ಲ, ನಾನೇ ಮಾಡಿದೆ. ಜೂನ್‌ನಲ್ಲಿ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಈಗ ಶೃಂಗೇರಿಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿದ್ದೇನೆ. ಹುಡುಗಿ ಒಳ್ಳೆಯ ಅಂಕ ಪಡೆದು ಶಿವಮೊಗ್ಗದಲ್ಲಿ ಎಂಸಿಎ ಸೇರಿದಳು. ಒಮ್ಮೆ ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಅಪ್ಪ ನಿಮ್ಮನ್ನ ಕೇಳ್ತಿರ್ತಾರೆ ಮೇಡಮ್" ಎಂದಳು. ತಾನು ಕೇಳುತ್ತೇನೆ ಎನ್ನಲಿಲ್ಲ. ಅದು ನ್ಯಾಯವಾದದ್ದೇ.

ಈ ಕಥೆ ಕೇಳಿದ ಗೆಳತಿಯೊಬ್ಬಳು ಮೊನ್ನೆ, "ಐದು ಮಾರ್ಕಿಗೆ ಇಷ್ಟು ವರ್ಷ ಸಿಟ್ಟಾ ಮಾರಾಯ್ತಿ?" ಎಂದು ನಕ್ಕಳು. ಅವಳ ಮನೆಯ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.