ಪದ್ಮ ನನ್ನನ್ನು ಹಿಂದೆ ಹಾಕಿದಳು

ಸತ್ತುಹೋದ ಗೆಳತಿಯೊಬ್ಬಳು ಮೊನ್ನೆ ವಾಕಿಂಗ್‌ನಲ್ಲಿ ನನ್ನನ್ನು ಸೋಲಿಸಿದಳು.

ನಗಬೇಡಿ. ನಾನೂ ಮೊದಲು ನಗಲು ನೋಡಿದೆ. ಆಗಲಿಲ್ಲ.

ಪದ್ಮ ನಮ್ಮ ಹಿಂದಿನ ರಸ್ತೆಯವಳು. ದಿನಾ ಬೆಳಿಗ್ಗೆ ಬಿಳೇಕಹಳ್ಳಿಯಿಂದ ನನ್ನ ಸ್ಕೂಟರ್ ಹಿಂದೆ ಕೂತು ಹುಳಿಮಾವು ಕೆರೆಗೆ ಬರುತ್ತಿದ್ದಳು. ಇಬ್ಬರ ಕೈಯಲ್ಲೂ ಹೆಜ್ಜೆ ಎಣಿಸುವ ವಾಚು. (ನನ್ನದು ಮಗಳು ಕೊಡಿಸಿದ್ದು. ಅವಳದು ನನ್ನದನ್ನು ನೋಡಿ ಹಟ ಮಾಡಿ ಕೊಂಡದ್ದು.) ಅದಕ್ಕೊಂದು ಆ್ಯಪ್. ಇಬ್ಬರಲ್ಲಿ ಒಬ್ಬರು ಹೆಜ್ಜೆ ಲೆಕ್ಕದಲ್ಲಿ ಮುಂದೆ ಹೋದ ತಕ್ಷಣ ಇನ್ನೊಬ್ಬರಿಗೆ ಇಂಗ್ಲಿಷಿನಲ್ಲಿ ಚಾಡಿ ಹೇಳುತ್ತದೆ. ಪದ್ಮಳ ಬಲಮಂಡಿ ಸವೆದಿತ್ತು, ಕಾಲೆಳೆದು ನಡೆಯುತ್ತಿದ್ದಳು. ಹಾಗಾಗಿ ಯಾವಾಗಲೂ ಗೆಲುವು ನನ್ನದೇ.

"ಒಂದಿನ ನಿನ್ನ ಹಿಂದೆ ಹಾಕ್ತೀನಿ ಕಣೇ ಉಷಾ, ನೋಡ್ತಿರು" ಅನ್ನುತ್ತಿದ್ದಳು.

ಜ್ವರ ಅಂತ ಆಸ್ಪತ್ರೆ ಸೇರಿದವಳು ವಾಪಸ್ ಬರಲಿಲ್ಲ.

ವೈಕುಂಠ ಸಮಾರಾಧನೆಯ ಊಟ ಮಾಡಿ ಬಂದ ಮರುದಿನ ಸಂಜೆ, ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. ಫೋನ್ ಟಿಂಗ್ ಅಂತು. 'ಪದ್ಮ ಹ್ಯಾಸ್ ಔಟ್‌ಪೇಸ್ಡ್ ಯು.' ಜೊತೆಗೆ ಅವಳ ನಗುಮುಖದ ಫೋಟೋ.

ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ಉಳಿಯಿತು.

ಸಿಸ್ಟಂ ಎಡವಟ್ಟು ಅಂದುಕೊಂಡೆ. ಮಾರನೇ ಸಂಜೆ, 'ಪದ್ಮ ಔಟ್‌ಡಿಡ್ ಯು.' ಅದರ ಮಾರನೇ ದಿನ, 'ಔಟ್‌ವಾಕ್ಡ್ ಯು.' ದಿನಕ್ಕೊಂದು ಹೊಸ ಪದ! ಇನ್ನೊಬ್ಬರನ್ನು ಮೀರಿಸುವುದಕ್ಕೆ ಈ ಇಂಗ್ಲಿಷಿನವರಿಗೆ ಎಷ್ಟು ಕ್ರಿಯಾಪದ ಬೇಕು? ನಾವು ಮೀರಿಸುತ್ತೇವೆ, ಹಿಂದಿಕ್ಕುತ್ತೇವೆ, ಬನ್ನೇರುಘಟ್ಟ ರೋಡಿನಲ್ಲಾದರೆ ಸೈಡ್ ಹೊಡೆಯುತ್ತೇವೆ. ಅವರು ಯಾವ ಕೆಲಸದ ಮುಂದೆ ಬೇಕಾದರೂ ಒಂದು 'ಔಟ್' ಅಂಟಿಸಿಬಿಡುತ್ತಾರೆ. ಔಟ್‌ರನ್, ಔಟ್‌ಶೈನ್, ಔಟ್‌ಸ್ಮಾರ್ಟ್. ಓಡು, ಹೊಳೆ, ಬುದ್ಧಿ ಓಡಿಸು, ಏನೇ ಮಾಡು, ಪಕ್ಕದವನು ಔಟ್ ಆಗಬೇಕು.

ಆ ವಾಚು ಯಾರ ಹತ್ತಿರವಿದೆ ಅಂತ ಕೇಳಬಹುದಿತ್ತಲ್ಲ ಅನ್ನುತ್ತೀರಿ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯನಿಗೆ ಫೋನ್ ಮಾಡಿ ವಾಚೆಲ್ಲಿ ಅಂತ ಹೇಗೆ ಕೇಳುವುದು? ಪದ್ಮಳ ಗಂಡ ಶ್ರೀಧರ್ ರಿಟೈರಾದ ಬ್ಯಾಂಕ್ ಆಫೀಸರ್. ಅವರಿಗೆ ವಾಕಿಂಗ್ ಅಂದರೆ ಗೇಟಿನ ತನಕ ಹೋಗಿ ಪೇಪರ್ ತರುವುದು. ಅವರ ಮೇಲೆ ಅನುಮಾನವೂ ಬರಲಿಲ್ಲ.

ನಾನು ಮಾಡಿದ್ದೇ ಬೇರೆ. ಜಾಸ್ತಿ ನಡೆದೆ. ಸಂಜೆಯೂ ಕೆರೆಗೆ ಹೋದೆ. ಸತ್ತವಳ ಜೊತೆ ಪೈಪೋಟಿ! ನಾನೆಷ್ಟು ನಡೆದರೂ ಅವಳು ಸ್ವಲ್ಪ, ಸ್ವಲ್ಪವೇ ಮುಂದಿರುತ್ತಿದ್ದಳು. ಕೆರೆ ಏರಿಯ ತಿರುವಿನಲ್ಲಿ ಯಾರೋ ಈಗಷ್ಟೇ ಮರೆಯಾದ ಹಾಗೆ ಅನ್ನಿಸುತ್ತಿತ್ತು. ಬೇಗ ಬೇಗ ಹೋಗಿ ನೋಡಿದರೆ ಬರೀ ಜೊಂಡು, ನೀರುಕೋಳಿ.

ಆಮೇಲೊಂದು ಸಂಜೆ ಬಂತು, 'ಪದ್ಮ ಹ್ಯಾಸ್ ಲೆಫ್ಟ್ ಯು ಬಿಹೈಂಡ್.'

ಬಿಟ್ಟು ಹೋದಳು. ಮಷೀನಿಗೆ ತಾನೇನು ಹೇಳುತ್ತಿದ್ದೇನೆ ಅಂತ ಗೊತ್ತಿತ್ತೇ?

ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು, ಕಿಟಕಿಗಳಿಗೆಲ್ಲ ಪರದೆ. ಬೆಲ್ ಒತ್ತಲು ಕೈ ಎತ್ತಿದವಳು ಹಾಗೇ ನಿಂತೆ. ಒಳಗೆ ಯಾರೋ ನಡೆಯುತ್ತಿದ್ದರು. ಒಂದು ಹೆಜ್ಜೆ ಟಪ್, ಇನ್ನೊಂದು ಸರ್. ಟಪ್, ಸರ್. ವರ್ಷಾನುಗಟ್ಟಲೆ ನನ್ನ ಪಕ್ಕದಲ್ಲೇ ಕೇಳಿದ ಸದ್ದು. ಹಾಲ್‌ನಿಂದ ಅಡುಗೆಮನೆಗೆ ಹೋಯಿತು, ತಿರುಗಿತು, ನನ್ನ ಕಡೆಗೇ ಬಂತು.

"ಪದ್ಮಾ?" ಅಂದುಬಿಟ್ಟೆ.

"ಒಳಗೆ ಬನ್ನಿ ಉಷಾ" ಅಂದಿತು ಗಂಡಸಿನ ದನಿ.

ಶ್ರೀಧರ್. ಮುಖ ಇಳಿದುಹೋಗಿತ್ತು. ಕೈಯಲ್ಲಿ ಪದ್ಮಳ ಗುಲಾಬಿ ಪಟ್ಟಿಯ ವಾಚು, ಅಂಗಿಯ ಜೇಬಿನಲ್ಲಿ ಅವಳ ಫೋನು. ಮಾತಾಡುವಾಗಲೂ ನಿಲ್ಲಲಿಲ್ಲ. ಸೋಫಾ ಸುತ್ತುತ್ತಲೇ ಇದ್ದರು.

"ಆಸ್ಪತ್ರೇಲಿ ಜ್ವರ ಸುಡ್ತಾ ಇದ್ರೂ ಕೇಳ್ತಿದ್ಲು, 'ಉಷಾದು ಎಷ್ಟಾಯ್ತು ಇವತ್ತು' ಅಂತ. ಒಂದು ಸಲನೂ ಗೆಲ್ಲಲಿಲ್ಲ ಪಾಪ. ಅದಕ್ಕೇ ನಾನು…"

"ನೀವ್ಯಾಕೆ ಕಾಲು ಎಳೀತಿದ್ದೀರಾ ಶ್ರೀಧರ್?"

ಅವರು ತಮ್ಮ ಕಾಲನ್ನೇ ನೋಡಿಕೊಂಡರು, ಬೇರೆ ಯಾರದೋ ಕಾಲು ನೋಡುವ ಹಾಗೆ. "ಎಳೀತಿದ್ದೀನಾ? ಗೊತ್ತೇ ಆಗ್ಲಿಲ್ಲ."

ಹಿಮ್ಮಡಿ ಒಡೆದು ಸಾಕ್ಸಿನ ಮೇಲೆ ರಕ್ತ ಒಣಗಿತ್ತು. "ಮೊದಲೆಲ್ಲ ಪರವಾಗಿರ್ಲಿಲ್ಲ" ಅಂದರು. "ನೀವು ಇತ್ತೀಚೆಗೆ ಸಂಜೆನೂ ನಡೀತೀರಲ್ಲ, ಸ್ವಲ್ಪ ಕಷ್ಟ ಆಗ್ತಿದೆ."

ಇಷ್ಟು ದಿನ ಕೆರೆ ಸುತ್ತ ನಾನು ಬೆನ್ನಟ್ಟುತ್ತಿದ್ದದ್ದು ಈ ಮನುಷ್ಯನನ್ನು! ನಾನು ಒಂದು ಸುತ್ತು ಹೆಚ್ಚು ಹಾಕಿದಾಗೆಲ್ಲ ಇವರು ಈ ಕತ್ತಲೆ ಹಾಲ್‌ನಲ್ಲಿ ಸುತ್ತಬೇಕಾಗಿತ್ತು.

ನಿಲ್ಲಿಸಿ ಅಂದೆ. ತಲೆ ಆಡಿಸಿದರು, ಆದರೆ ಕಾಲು ನಿಲ್ಲಲಿಲ್ಲ.

ಮಾರನೇ ದಿನದಿಂದ ನಾನು ವಾಚನ್ನು ಸ್ಕೂಟರ್ ಡಿಕ್ಕಿಯಲ್ಲಿಟ್ಟು ನಡೆಯತೊಡಗಿದೆ. ಆ್ಯಪ್ ಪ್ರಕಾರ ನಾನು ಹಾಸಿಗೆ ಹಿಡಿದವಳು. ಸ್ವಲ್ಪ ದಿನಕ್ಕೆ ಶ್ರೀಧರ್ ಫೋನ್ ಮಾಡಿದರು.

"ಏನ್ರೀ ಉಷಾ, ಹುಷಾರಿಲ್ವಾ?"

"ಮಂಡಿನೋವು ರೀ. ಇನ್ಮೇಲೆ ಅಷ್ಟೊಂದು ನಡೆಯೋಕಾಗಲ್ಲ. ಪದ್ಮನೇ ಗೆದ್ಲು ಬಿಡಿ."

ಅವರು ನಕ್ಕರು. ಪದ್ಮ ಹೋದ ಮೇಲೆ ಅವರ ನಗು ಕೇಳಿದ್ದು ಅದೇ ಮೊದಲು. ಆಮೇಲೆ ಅವಳ ಮೆಸೇಜು ಬೇಗ ಬೇಗ ಬರತೊಡಗಿತು, ಮಧ್ಯಾಹ್ನದ ಊಟಕ್ಕೂ ಮುಂಚೆ. ಒಂದಿನ ಬರಲೇ ಇಲ್ಲ. ಗಾಬರಿಯಾಗಿ ಓಡಿದೆ. ಪರದೆ ಸರಿದಿತ್ತು. ಶ್ರೀಧರ್ ಬರಿಗಾಲಲ್ಲಿ ಕೂತು ಅನ್ನ ಸಾರು ಉಣ್ಣುತ್ತಿದ್ದರು. ಕೈಯಲ್ಲಿ ವಾಚಿರಲಿಲ್ಲ.

"ಬಿಚ್ಚಿಟ್ಟೆ. ಗೆದ್ದಿದ್ದು ಸಾಕಂತೆ."

"ಯಾರು ಹೇಳಿದ್ರು?"

"ಅವಳೇ" ಅಂದರು, ಸಾರು ಕಲಸುತ್ತಾ. "ಅವಳು ಮುಂದೆ ಹೋದ್ಲು. ನಾವು ನಿಧಾನಕ್ಕೆ ಹೋದ್ರಾಯ್ತು."



ಆ 'ಔಟ್' ಪದಗಳಲ್ಲಿ ಇನ್ನೊಂದಿದೆ, ಔಟ್‌ಲಿವ್. ಇನ್ನೊಬ್ಬರು ಹೋದ ಮೇಲೂ ಬದುಕಿರುವುದು. ಅದನ್ನೂ ಇಂಗ್ಲಿಷ್ ಗೆಲುವುಗಳ ಸಾಲಿನಲ್ಲೇ ನಿಲ್ಲಿಸಿದೆ. ಆ ಲೆಕ್ಕದಲ್ಲಿ ಪದ್ಮಳನ್ನು ನಾನು ಸೋಲಿಸಿದ್ದೇನೆ. ಕನ್ನಡದಲ್ಲಿ ಹಾಗಲ್ಲ. ಇಲ್ಲಿ ಸತ್ತವರು ಮುಂದೆ ಹೋದವರು, ಉಳಿದವರು ಹಿಂದೆ ಬರುವವರು.

ಈಗ ಮತ್ತೆ ವಾಚು ಕಟ್ಟಿಕೊಂಡೇ ಕೆರೆಗೆ ಹೋಗುತ್ತೇನೆ. ಫೋನು ಸುಮ್ಮನಿದೆ. ಏರಿಯ ಮೇಲೆ ಎಷ್ಟೋ ದಿನ ಬೆಳಿಗ್ಗೆ ನನ್ನ ಮುಂದೆ ಯಾರೂ ಇರುವುದಿಲ್ಲ.

ಹಾಗಾದರೆ ನಾನು ಯಾರನ್ನು ದಾಟಬಾರದು ಅಂತ ಇಷ್ಟು ನಿಧಾನವಾಗಿ ನಡೆಯುತ್ತಿದ್ದೇನೆ?