ಬೆಲ್ಲದ ಬಣ್ಣದ ಕಣ್ಣು

ರಾಯಬಾಗದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಧರೆಪ್ಪನ ಫೋಟೋ ಸ್ಟುಡಿಯೋ ಇದೆ. ಫ್ಲ್ಯಾಶ್ ಬಿದ್ದು ಕೆಂಪಗಾದ ಕಣ್ಣನ್ನು ಕಂಪ್ಯೂಟರಿನಲ್ಲಿ ಕಪ್ಪು ಮಾಡುವುದರಲ್ಲಿ ಅವನನ್ನು ಮೀರಿಸುವವರು ಕೃಷ್ಣೆಯ ಈಚೆ ದಡದಲ್ಲಿಲ್ಲ, ಆಚೆ ದಡದಲ್ಲೂ ಇಲ್ಲ. ನಡುವಿನ ಮೊಸಳೆಗಳ ವಿಷಯ ಮಾತ್ರ ಹೇಳಲಾರೆವು. ಇಪ್ಪತ್ತು ವರ್ಷಗಳಲ್ಲಿ ಅವನು ಕಪ್ಪು ಮಾಡಿದ ಕಣ್ಣುಗಳನ್ನು ಸಾಲಾಗಿ ಇಟ್ಟರೆ ಕುಡಚಿ ಸ್ಟೇಷನ್ನಿಗೆ ಹೋಗಿ, ರೈಲು ತಪ್ಪಿಸಿಕೊಂಡು, ವಾಪಸು ಬರುವಷ್ಟು ಉದ್ದವಾಗುತ್ತದೆ. ಒಬ್ಬ ಕುಡುಕನಂತೂ ಫೋಟೋ ಬೇಡ, ನನ್ನ ಕಣ್ಣನ್ನೇ ಸರಿ ಮಾಡು, ಮನೆಗೆ ಹೋಗಬೇಕು ಎಂದು ಸ್ಟೂಲಿನ ಮೇಲೆ ಕೂತುಬಿಟ್ಟಿದ್ದ.

ಕೆಲಸ ಸುಲಭದ್ದು. ಚಿತ್ರವನ್ನು ದೊಡ್ಡದು ಮಾಡುವುದು, ಕಣ್ಣಿನ ಮೇಲೆ ಕರಿ ಬ್ರಷ್ಷನ್ನು ಗುಂಡಗೆ ಒತ್ತುವುದು, ಹಳೆಯ ಚಿತ್ರದ ಮೇಲೆಯೇ ಸೇವ್ ಮಾಡುವುದು. ಮೊದಲಿನ ಚಿತ್ರ ಅಲ್ಲಿಗೆ ಅಳಿದುಹೋಗುತ್ತಿತ್ತು. ಬ್ರಷ್ಷಿನ ಅಳತೆಯನ್ನು ಅವನು ಒಮ್ಮೆಯೂ ಬದಲಿಸಿದವನಲ್ಲ. ಕೆಂಪಿರುವುದು ನಡುವಿನ ಪಾಪೆಯಲ್ಲಷ್ಟೇ. ಅವನ ಗುಂಡು ಸುತ್ತಲಿನ ಬಣ್ಣವನ್ನೂ ನುಂಗುತ್ತಿತ್ತು. ಎಲ್ಲರ ಕಣ್ಣೂ ಕಪ್ಪೇ ತಾನೆ, ಯಾರೂ ದೂರಲಿಲ್ಲ. ದೂರಿದವಳು ಅವನ ಹೆಂಡತಿ ಸುಂದರಾ ಒಬ್ಬಳೇ.

ಸುಂದರಾ ಕೊಕಟನೂರಿನವಳು. ಅವಳ ಕಣ್ಣುಗಳು ಹೊಸ ಬೆಲ್ಲದ ಬಣ್ಣದವು. ಅಂಥ ತಿಳಿ ಕಣ್ಣುಗಳು ಫ್ಲ್ಯಾಶ್ ಬಿದ್ದರೆ ಕೆಂಡದಂತೆ ಉರಿಯುತ್ತವೆ. ಧರೆಪ್ಪ ತೆಗೆದ ಪ್ರತಿ ಫೋಟೋದಲ್ಲೂ ಉರಿದವು, ಪ್ರತಿಯೊಂದನ್ನೂ ಅವನು ಆರಿಸಿದ.

"ಇಕಿ ಯಾರ್ರಿ? ನನಗ ಹೇಳದ ಇನ್ನೊಬ್ಬಾಕಿನ್ನ ಮಾಡ್ಕೊಂಡೀರೇನು?" ಎಂದು ಅವಳು ಫೋಟೋ ಹಿಡಿದು ಕೇಳುತ್ತಿದ್ದಳು.

ನಾಳೆ ಸರಿ ಮಾಡುತ್ತೇನೆ ಎನ್ನುತ್ತಿದ್ದ ಧರೆಪ್ಪ. ಆರು ವರ್ಷದ ಹಿಂದೆ ಅವಳು ಜ್ವರದಲ್ಲಿ ತೀರಿಕೊಂಡಳು. ಆ ನಾಳೆ ಹಾಗೆಯೇ ಉಳಿಯಿತು. ಮಕ್ಕಳಿರಲಿಲ್ಲ. ಸ್ಟುಡಿಯೋದ ಗೋಡೆಯ ಮೇಲೆ ಹಾರ ಹಾಕಿಸಿಕೊಂಡವಳಿಗೆ ಎರಡು ಕರಿ ಗುಂಡುಗಳಷ್ಟೇ ಇದ್ದವು. ಸರಿ ಮಾಡಲು ನೂರು ಸಲ ಕೂತ. ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಬಣ್ಣಗಳಿವೆ, ಅವಳದು ಯಾವುದೆಂದು ಗುರುತು ಹತ್ತಲಿಲ್ಲ. ಒಂದನ್ನು ಹಚ್ಚಿದರೆ ಬೆಕ್ಕಾಗುತ್ತಿದ್ದಳು, ಇನ್ನೊಂದನ್ನು ಹಚ್ಚಿದರೆ ಕಾಮಾಲೆಯವಳಾಗುತ್ತಿದ್ದಳು. ಐದು ತಾಲೂಕಿನ ಕಣ್ಣು ತಿದ್ದಿದವನಿಗೆ ಎದುರು ಕೂತು ರೊಟ್ಟಿ ಉಂಡವಳ ಕಣ್ಣು ನೆನಪಿಲ್ಲ. ಇದನ್ನು ಯಾರ ಮುಂದೆ ಹೇಳುವುದು? ಮಧ್ಯಾಹ್ನ ಎರಡು ಕಪ್ ಚಹಾ ತರಿಸುತ್ತಿದ್ದ. ಒಂದನ್ನು ಬಿಸಿ ಇರುವಾಗ ಕುಡಿಯುವನು, ಇನ್ನೊಂದನ್ನು ಆರಿದ ಮೇಲೆ ತಾನೇ ಕುಡಿಯುವನು.

ಹೋದ ತಿಂಗಳು ಕೊಕಟನೂರಿನಿಂದ ಅಕ್ಕವ್ವ ಬಂದಳು. ಸುಂದರಾಳ ತವರಿನ ಪಕ್ಕದ ಮನೆಯವಳು. ಗಂಡ ಲಗಮಣ್ಣನ ವರ್ಷದ ಕಾರ್ಯಕ್ಕೆ ಫೋಟೋ ಕಟ್ಟಿಸಬೇಕಿತ್ತು. ತಮ್ಮ ಮನೆಯ ವಾಸ್ತುಶಾಂತಿಯಲ್ಲಿ ತೆಗೆಸಿದ ಹಳೆಯ ಗುಂಪು ಫೋಟೋವನ್ನು ಚೀಲದಿಂದ ತೆಗೆದಳು.

"ಅಳಿಯಾರ, ನಮ್ಮವರ ಕಣ್ಣ ನೋಡ್ರಿ. ಜಲ್ಮದಾಗ ಚಾ ಬಿಟ್ಟು ಏನೂ ಕುಡದವರಲ್ಲ. ಹೀಂಗ ಗ್ವಾಡಿಗೆ ಹಾಕಿದ್ರ ಬಂದ ಬೀಗರು ಏನ್ ತಿಳ್ಕೋಬೇಕು? ಕೆಂಪ ತಗೀರಿ. ಉಳದ ಮಂದೀನೂ ತಗೀರಿ."

ಆ ಫೋಟೋ ತೆಗೆದವನು ಕುಡಚಿಯ ಒಬ್ಬ ಫೋಟೋಗ್ರಾಫರ್. ಅವನ ಕೈಗೆ ಕ್ಯಾಮೆರಾ ಕೊಟ್ಟರೆ ಮದುಮಗನ ತಲೆ ಬಿಟ್ಟು ಪೆಂಡಾಲಿನ ಕಂಬ ತೆಗೆಯುತ್ತಾನೆಂದು ಧರೆಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಕೆಂಪು ಕಣ್ಣು ತಿದ್ದುವ ಗೋಜಿಗೇ ಹೋಗದ ಆಸಾಮಿ. ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದರೆ ಹದಿನಾಲ್ಕು ಮಂದಿ ದೆವ್ವಗಳಂತೆ ಕೆಂಪಗೆ ನೋಡುತ್ತಿದ್ದರು. ಹದಿನೈದನೆಯವಳು ಅಂಚಿನಲ್ಲಿ, ಮುಖ ಪಕ್ಕಕ್ಕೆ ಹೊರಳಿಸಿ, ಕ್ಯಾಮೆರಾ ಬಿಟ್ಟು ಇನ್ನೇನನ್ನೋ ನೋಡಿ ನಗುತ್ತಿದ್ದಳು. ಸುಂದರಾ. ಫ್ಲ್ಯಾಶ್ ಅವಳ ಕಣ್ಣಿಗೆ ನೇರವಾಗಿ ಬಿದ್ದಿರಲಿಲ್ಲ.

ಧರೆಪ್ಪ ಹಿಗ್ಗಿಸಿದ, ಇನ್ನೂ ಹಿಗ್ಗಿಸಿದ. ಕೊನೆಗೆ ಚಿತ್ರ ಚೌಕಚೌಕವಾಗಿ ಒಡೆದು, ಪಾಪೆಯ ಪಕ್ಕ ನಾಲ್ಕು ಚೌಕಗಳು ಉಳಿದವು, ನಾಲ್ಕೂ ಒಂದೇ ಬಣ್ಣ. ಆ ಬಣ್ಣವನ್ನು ಎತ್ತಿಕೊಂಡ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಬ್ರಷ್ಷನ್ನು ಸಣ್ಣದು ಮಾಡಿ, ಗೋಡೆಯ ಮೇಲಿದ್ದ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು, ಕರಿ ಗುಂಡಿನೊಳಗೆ ನಡುವಿನ ಪಾಪೆಯಷ್ಟು ಬಿಟ್ಟು ಉಂಗುರದಂತೆ ಹಚ್ಚಿದ. ಆದರೆ ಅಕ್ಕವ್ವ ತಂದದ್ದು ಹಳೆಯ ಪ್ರಿಂಟು. ಇದು ಅವಳ ಬಣ್ಣವೋ, ಹಳದಿಗಟ್ಟಿದ ಕಾಗದದ್ದೋ? ಹೇಳಬಲ್ಲ ಅಕ್ಕವ್ವ ಸ್ಟೂಲಿನ ಮೇಲೆ ಕೂತು ಬಸ್ಸಿಗೆ ಹೊತ್ತಾಯಿತೆಂದು ಗೊಣಗುತ್ತಿದ್ದಳು. ಪರದೆಯನ್ನು ಅವಳ ಕಡೆ ತಿರುಗಿಸಿದ.

ಅಕ್ಕವ್ವ ಬಹಳ ಹೊತ್ತು ನೋಡಿದಳು. ಸೆರಗು ಬಾಯಿಗೆ ಹೋಯಿತು.

"ಈಗ ಬಂದ್ಳ ನೋಡ್ರಿ ನಮ್ಮ ಹುಡುಗಿ. ಇಷ್ಟ ದಿನ ಗ್ವಾಡಿಮ್ಯಾಲ ಯಾರನ್ನ ಕುಂಡ್ರಿಸಿದ್ರಿ?"

ಧರೆಪ್ಪ ಕನ್ನಡಕ ಒರೆಸಿಕೊಂಡ. ಮತ್ತೆ ಗುಂಪು ಫೋಟೋ ತೆರೆದಾಗ ಅಕ್ಕವ್ವ ಸುಂದರಾಳ ಮೇಲೆ ಬೆರಳಿಟ್ಟು ಕೇಳಿದಳು: "ಎಲ್ಲಾರೂ ಮುಂದ ನೋಡ್ಯಾರ. ಇಕಿ ಯಾಕ ಆ ಕಡೆ ನೋಡಾಕತ್ತಾಳ?"

ಅವನಿಗೆ ಗೊತ್ತಿತ್ತು. ಬೇರೆಯವನ ಕ್ಯಾಮೆರಾದ ಮುಂದೆ ನಿಲ್ಲುವುದು ತನ್ನ ಘನತೆಗೆ ಕಡಿಮೆಯೆಂದು ಅವತ್ತು ಅವನು ಸಾಲಿಗೆ ಸೇರಿರಲಿಲ್ಲ. ಆ ಬದಿಯ ಬಾಗಿಲ ಬಳಿ ನಿಂತು, ಕುಡಚಿಯವನು ಕ್ಯಾಮೆರಾ ಹಿಡಿಯುವ ಸೊಟ್ಟ ಭಂಗಿಯನ್ನು ಅಣಕಿಸುತ್ತಿದ್ದ.

"ಬಸ್ ಬರ್ತೈತ್ರಿ," ಎಂದಷ್ಟೇ ಅಂದ.

ಲಗಮಣ್ಣನ ಕಣ್ಣನ್ನು ಸಣ್ಣ ಬ್ರಷ್ಷಿನಿಂದಲೇ ತಿದ್ದಿದ. ಉಳಿದವರನ್ನೆಲ್ಲ ಅಳಿಸಿದ, ಸುಂದರಾಳನ್ನು ಕೊನೆಗೆ. ಸೇವ್ ಒತ್ತಲು ಹೋದ ಬೆರಳನ್ನು ತಡೆದು, ಬೇರೆ ಹೆಸರಿನಲ್ಲಿ ಇಟ್ಟು, ಪ್ರಿಂಟು ಕೊಟ್ಟು ಅಕ್ಕವ್ವನನ್ನು ಬಸ್ಸು ಹತ್ತಿಸಿ ಬಂದ.

ಆಮೇಲೆ ಹಳೆಯದನ್ನು ಮತ್ತೆ ತೆರೆದ. ಹದಿನೈದು ಮಂದಿ ಇದ್ದರು. ಸುಂದರಾ ನೋಡುವ ದಿಕ್ಕಿನಲ್ಲಿ ಫೋಟೋ ಮುಗಿದು, ಆಚೆ ಕಂಪ್ಯೂಟರಿನ ಬರೀ ಬೂದು ಪರದೆ. ಧರೆಪ್ಪ ಸ್ಟೂಲನ್ನು ಎತ್ತಿ ಆ ಬದಿಗೆ ಇಟ್ಟುಕೊಂಡು ಕೂತ. ಎರಡು ಕಪ್ ಚಹಾ ಬಂತು. ಅವತ್ತು ಎರಡೂ ಆರಿದವು.